ಮೂರು ಏಟಿನ ಬೀಜ

ಡ್ರಮ್ಮಿನ ಬೆಲ್ಟು ಸಡಿಲಿಸುವುದಕ್ಕೆ ಹತ್ತೊಂಬತ್ತರ ಸ್ಪ್ಯಾನರೇ ಬೇಕೆಂದು ಗೊತ್ತಿದ್ದೂ ಸಿದ್ದರಾಮು ಹದಿನೇಳರದನ್ನು ಹಿಡಿದುಕೊಂಡು ಮಿಷಿನ್ನಿನ ಮಗ್ಗುಲಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ. ಏಳು ವರ್ಷದಿಂದ ಭತ್ತ ಕೊಯ್ಯುವ ಮಿಷಿನ್ನು ಓಡಿಸುತ್ತಿರುವವನು. ಯಾವ ಬೋಲ್ಟಿಗೆ ಯಾವುದು ಎಂಬುದು ಅವನ ಬೆರಳಿಗೇ ಗೊತ್ತು. ಆದರೆ ತಪ್ಪು ಸ್ಪ್ಯಾನರ್ ಕೈಯಲ್ಲಿರುವ ತನಕ ಬೋಲ್ಟು ಬಿಚ್ಚುವ ಮಾತೇ ಬರುವುದಿಲ್ಲವಲ್ಲ. ಮನುಷ್ಯ ತನಗೆ ತಾನೇ ಎಂಥೆಂಥ ಸುಳ್ಳು ಹೇಳಿಕೊಳ್ಳುತ್ತಾನೆ ನೋಡಿ, ಅದೂ ಬಾಯಿ ತೆರೆಯದೆ. ಗದ್ದೆಯ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಇಬ್ಬನಿಯಲ್ಲೇ ಇಳಿದರೆ ಒದ್ದೆ ಹುಲ್ಲು ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ, ಕಾಳು ಜಾಲರಿಗೆ ಮೆತ್ತಿಕೊಳ್ಳುತ್ತದೆ; ಹತ್ತು ಗಂಟೆಯವರೆಗೆ ಸುಮ್ಮನೆ ಕೂರುವುದು ಸೋಮಾರಿತನವಲ್ಲ, ಕಸುಬು. ಇವತ್ತು ಮಾತ್ರ ಅದು ಸೋಮಾರಿತನವೂ ಅಲ್ಲ, ಕಸುಬೂ ಅಲ್ಲ, ಬರೀ ಹೇಡಿತನ ಎಂದು ಸಿದ್ದರಾಮುವಿಗೆ ಅನಿಸುತ್ತಿತ್ತು. ಎದುರಿಗಿದ್ದದ್ದು ಮಲ್ಲಿಗಮ್ಮನ ಒಂದೂಕಾಲು ಎಕರೆ. ನಾಲೆಯ ಕೆಳಗಿನ ಗದ್ದೆ, ಹನಕೆರೆ ಸ್ಟೇಷನ್ನಿನಲ್ಲಿ ನಿಲ್ಲದೆ ಹೋಗುವ ರೈಲಿನ ಸದ್ದು ಇಲ್ಲಿಗೆ ಚೆನ್ನಾಗಿ ಕೇಳಿಸುತ್ತದೆ. ಗದ್ದೆಯ ಈಶಾನ್ಯ ಮೂಲೆಯ ಹತ್ತು ಗುಂಟೆ ಬೀಜಕ್ಕೆಂದು ಮೀಸಲು. ಸಿದ್ದರಾಮು ಆ ಮೂಲೆಯ ಕಡೆಗೆ ಬೆನ್ನು ಮಾಡಿ ಕೂತಿದ್ದ.

“ಲೇ ಸಿದ್ದಾ, ಏನ್ಲಾ, ಮಿಸಿನ್ನಿಗೆ ಪೂಜೆ ಮಾಡ್ತಾ ಇದ್ದೀಯಾ?” ಪಕ್ಕದ ಗದ್ದೆಯ ಬದುವಿನಿಂದ ನಿಂಗಯ್ಯ ಕೂಗಿದ. ಮಲ್ಲಿಗಮ್ಮನ ಗಂಡನ ತಮ್ಮ ಅವನು. ಅವಳ ಗದ್ದೆ ಮುಗಿದರೆ ಮುಂದಿನ ಸರದಿ ಅವನದು. “ಅತ್ಗೆಮ್ಮುಂದು ಮುಗ್ಸಿ ನನ್ನ ಗದ್ದೆಗೆ ಇಳೀಬೇಕು ಕಣ್ಲಾ. ಒತ್ತಾಯ್ತಾ ಅದೆ.”

“ಇಬ್ಬನಿ ಆರ್ಲಿ ಇರಣ್ಣ.”

“ಇಬ್ಬನಿ ಗದ್ದೇಲೆಲ್ಲೈತೋ, ನಿನ್ ಮೊಕದ ಮ್ಯಾಲೆ ಐತೆ.”

ಸಿದ್ದರಾಮು ಸ್ಪ್ಯಾನರಿನ ಬಾಯಿ ಒರೆಸಿದ. ಅಪ್ಪ ಚಿಕ್ಕಬೋರಯ್ಯ ಇದೇ ಬದುವಿನ ಮೇಲೆ ಇದೇ ನಿಂಗಯ್ಯನಿಗೆ ‘ಬುದ್ಧೀ’ ಎನ್ನುತ್ತಿದ್ದ, ತನಗಿಂತ ಹದಿನೈದು ವರ್ಷ ಚಿಕ್ಕವನಿಗೆ. ಸಿದ್ದರಾಮು ‘ಅಣ್ಣ’ ಎನ್ನುತ್ತಾನೆ. ಮೊದಲ ಸಲ ಅಂದ ದಿನ ನಿಂಗಯ್ಯನ ಹುಬ್ಬು ಒಂದು ಗಳಿಗೆ ಮೇಲೆ ಹೋಗಿ ಮತ್ತೆ ಕೆಳಗಿಳಿದಿತ್ತು. ಮಿಷಿನ್ನಿನ ಮೇಲೆ ಕೂತವನನ್ನು ತಲೆಯೆತ್ತಿ ನೋಡಬೇಕಲ್ಲ. ಆ ಎತ್ತರದ ಸೀಟು ಸಿದ್ದರಾಮುವಿಗೆ ಏನೆಲ್ಲ ಕೊಟ್ಟಿತ್ತೋ ಅದೇ ಅವನನ್ನು ಹೋದ ವರ್ಷ ಹಾಳು ಮಾಡಿದ್ದೂ ಹೌದು. ಹೋದ ವರ್ಷದ ತನಕ ಬೀಜದ ಮೂಲೆಗೆ ಮಿಷಿನ್ನು ಇಳಿದಿರಲಿಲ್ಲ. ಚಿಕ್ಕಬೋರಯ್ಯ ಕುಡುಗೋಲಿನಲ್ಲಿ ಕೊಯ್ದು, ಕಲ್ಲಿನ ಮೇಲೆ ಬಡಿದು, ಕಾಳು ಬಿಡಿಸಿ ಕೊಡುತ್ತಿದ್ದ. ಅವನಿಗೆ ಮಂಡಿ ಹಿಡಿದುಕೊಂಡ ವರ್ಷ, ಆಳು ಸಿಗುವುದಿಲ್ಲವಲ್ಲ ಎಂದು ಮಲ್ಲಿಗಮ್ಮ ಪೇಚಾಡುತ್ತಿದ್ದಾಗ, ಸೀಟಿನ ಮೇಲಿಂದಲೇ ಹೇಳಿದವನು ಸಿದ್ದರಾಮು: “ಅದಕ್ಯಾಕವ್ವ ಯೋಚ್ನೆ, ಒಂದು ಸುತ್ತಿಗೆ ಮುಗೀತದೆ ಬುಡಿ, ನಾನೇ ಎಳ್ದಾಕ್ತೀನಿ.” ಯಾರೂ ಕೇಳಿರಲಿಲ್ಲ. ತಾನಾಗಿ ಹೇಳಿದ್ದು. ಆ ಮಾತು ಈಗ ನೆನಪಾದರೆ ಕಿವಿಯ ತುದಿ ಬಿಸಿಯಾಗುತ್ತದೆ.

ತೆನೆ ಬಡಿದು ಕಾಳು ಬಿಡಿಸುವ ಡ್ರಮ್ಮಿನ ಮಗ್ಗುಲಲ್ಲಿ ಎರಡು ಪುಲ್ಲಿಗಳಿವೆ, ಒಂದು ಸಣ್ಣದು, ಒಂದು ದೊಡ್ಡದು. ಸಣ್ಣದಕ್ಕೆ ಬೆಲ್ಟು ಹಾಕಿದರೆ ಡ್ರಮ್ಮು ಜೋರು, ದೊಡ್ಡದಕ್ಕೆ ಹಾಕಿದರೆ ನಿಧಾನ. ಬದಲಾಯಿಸಲು ಅರ್ಧ ಗಂಟೆ ಬೇಕು. ಹೋದ ವರ್ಷ ಅವತ್ತು ಬೆಳಿಗ್ಗೆ ಬೇರೆಯವರ ಗದ್ದೆಯಲ್ಲಿ ಹಸಿ ಹುಲ್ಲಿನ, ಬಿಗಿ ತೆನೆಯ ಭತ್ತ ಕೊಯ್ದು ಬಂದಿದ್ದ. ಬೆಲ್ಟು ಸಣ್ಣ ಪುಲ್ಲಿಯ ಮೇಲೇ ಇತ್ತು. ಮಲ್ಲಿಗಮ್ಮನ ಬೀಜದ ಮೂಲೆ ಕಟಾವಿಗೆ ನಾಲ್ಕು ದಿನ ತಡವಾಗಿ ಗಲಗಲ ಒಣಗಿತ್ತು. ಅವಳ ಗಂಡ ಮಹದೇವಯ್ಯ ಬದುವಿನ ಮೇಲೆ ಟವೆಲು ಹೊದ್ದು ಕೂತು ಕೆಮ್ಮುತ್ತ, “ಬೀಜದ್ದು ಕಣ್ಲಾ, ವಸಿ ಉಸಾರು,” ಎಂದಿದ್ದ. “ಆಯ್ತು ಬುಡಿ” ಎಂದಿದ್ದ ಸಿದ್ದರಾಮು. ಈ ಕಡೆ ಇದೇ ನಿಂಗಯ್ಯ, ಇದೇ ಒತ್ತಾಯ್ತು ಕಣ್ಲಾ. ಹತ್ತು ಗುಂಟೆಗೆ ಅರ್ಧ ಗಂಟೆ ಯಾರು ಹಾಳು ಮಾಡುತ್ತಾರೆ ಎಂದುಕೊಂಡು ಹಾಗೆಯೇ ಎಳೆದ. ಏಳು ನಿಮಿಷ. ಕೊಳವೆಯಿಂದ ಚೀಲಕ್ಕೆ ಸುರಿದ ಭತ್ತ ಒಂದೂ ಹೊಟ್ಟಿಲ್ಲದೆ ಬಂಗಾರದ ಹಾಗಿತ್ತು. ಮಲ್ಲಿಗಮ್ಮ ಮಡಿಲಲ್ಲಿ ಒಂದಿಷ್ಟು ಹಿಡಿದು ನೋಡಿ, “ನಿಮ್ಮಪ್ಪನಿಗಿಂತ ಚೊಕ್ಕವಾಗಿ ಮಾಡ್ದೆ ಕಣೋ,” ಎಂದಿದ್ದಳು. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದ. ಹೊಗಳಿದ್ದು ಮುಳ್ಳಾಗಿ ಒಳಗೇ ಉಳಿದುಬಿಟ್ಟಿತು.

ಊರಿನಲ್ಲಿ ಬೀಜ ಕಟ್ಟುವುದು ಎಲ್ಲರಿಗೂ ಬರುತ್ತದೆ. ಭತ್ತವನ್ನು ಒಂದು ದಿನ ನೆನೆಸಿ, ಜೊಳ್ಳು ತೇಲಿಸಿ ತೆಗೆದು, ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿ, ಹುಲ್ಲು ಮುಚ್ಚಿ ಕಲ್ಲು ಹೇರಿದರೆ ಮೂರನೆಯ ದಿನಕ್ಕೆ ಕಾಳು ಕಾಳಿಗೂ ಬಿಳಿ ಮೂಗು ಬಂದಿರುತ್ತದೆ. ಆಮೇಲೆ ಸಸಿಯ ಪಾತಿಗೆ, ಒಟ್ಲಿಗೆ ಚೆಲ್ಲುವುದು, ಸಸಿ ಮಾಡುವುದು. ಇದರಲ್ಲಿ ದೊಡ್ಡ ವಿದ್ಯೆಯೇನಿಲ್ಲ. ಆದರೂ ಆ ಚೀಲದ ಗಂಟು ಹಾಕುವುದು ಮಾತ್ರ ಮಲ್ಲಿಗಮ್ಮನ ಕೈಯೇ ಆಗಬೇಕಿತ್ತು. ಅವಳ ಕೈಗುಣ ಒಳ್ಳೆಯದು ಎಂದು ಊರು ಯಾವಾಗಲೋ ತೀರ್ಮಾನಿಸಿಬಿಟ್ಟಿತ್ತು. ಆಷಾಢ ಬಂತೆಂದರೆ ಅವಳ ಅಂಗಳದ ತುಂಬ ಮೂಟೆಗಳು. ಚಿಕ್ಕಬೋರಯ್ಯನಿಗೆ ಸರ್ಕಾರದಿಂದ ಅರ್ಧ ಎಕರೆ ಬಂದ ವರ್ಷ ಪುಟ್ಟಮಾದಮ್ಮ, ಸಿದ್ದರಾಮುವಿನ ಅವ್ವ, ಮೂಟೆ ಹೊತ್ತು ಅಲ್ಲಿಗೇ ಹೋಗಿದ್ದಳು. ಮೂಟೆಯನ್ನು ಜಗುಲಿಯ ಕೆಳಗಿಳಿಸಿ ಅಂಗಳದಲ್ಲಿ ನಿಂತಳು. ಮಲ್ಲಿಗಮ್ಮ ಜಗುಲಿಯಿಂದ ಇಳಿದು ಬಂದು ಗಂಟು ಹಾಕಿದಳು. ಮೇಲೆ ಬಾ ಎಂದು ಇವಳು ಅನ್ನಲಿಲ್ಲ, ಬರುತ್ತೇನೆ ಎಂದು ಅವಳು ಅನ್ನಲಿಲ್ಲ. ಆದರೆ ಗಂಟು ಮಾತ್ರ ಎಲ್ಲರ ಮೂಟೆಗೂ ಹಾಕಿದ ಗಂಟೇ, ಅದೇ ಬಿಗಿ, ಹಾಕುವಾಗ ಗೊಣಗಿದ್ದೂ ಅದೇ ದೇವರ ಹೆಸರು. ಸಿದ್ದರಾಮು ಮಲ್ಲಿಗಮ್ಮನ ಬಗ್ಗೆ ಯೋಚಿಸುವಾಗೆಲ್ಲ ಈ ಎರಡೂ ಒಟ್ಟಿಗೇ ನೆನಪಾಗುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ಇಟ್ಟುಕೊಳ್ಳಲು ಅವನಿಗೆ ಇದುವರೆಗೆ ಆಗಿಲ್ಲ.

ಮಹದೇವಯ್ಯ ಸಂಕ್ರಾಂತಿ ಕಳೆದ ಹದಿನೈದು ದಿನಕ್ಕೆ ಹೋಗಿಬಿಟ್ಟ. ಗಂಡ ಹೋದವಳಿಗೆ ಊರು ಏನೇನನ್ನು ಬೇಡ ಎನ್ನುತ್ತದೋ ಎಲ್ಲವನ್ನೂ ಮಲ್ಲಿಗಮ್ಮನಿಗೂ ಅಂದಿತು. ಬೀಜ ಕಟ್ಟುವುದೊಂದನ್ನು ಬಿಟ್ಟು. ಆ ಆಷಾಢದಲ್ಲೂ ಅವಳ ಬೀಜದ ಮೂಲೆಯ ಭತ್ತವನ್ನೇ ನಾಲ್ಕು ಮನೆಯವರು ತೆಗೆದುಕೊಂಡರು, ಅವಳ ಕೈಯಲ್ಲೇ ಕಟ್ಟಿಸಿದರು. ನಿಂಗಯ್ಯನ ಮನೆ ಒಂದು, ಸಿದ್ದರಾಮುವಿನ ಮನೆ ಒಂದು. ಮೂರನೆಯ ದಿನ ಚೀಲ ಬಿಚ್ಚಿದಾಗ ಸಿದ್ದರಾಮು ಅಂಗಳದಲ್ಲೇ ಇದ್ದ. ಮಲ್ಲಿಗಮ್ಮ ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿದಳು. ಬೀಜ ಮೊಳೆಯುವಾಗ ಚೀಲದೊಳಗೆ ಒಂದು ಬಿಸಿ ಇರುತ್ತದೆ, ಹಾಲು ಕುಡಿದು ಮಲಗಿದ ಮಗುವಿನ ಮೈಯ ಹಾಗೆ. ಆ ಬಿಸಿ ಅವಳಿಗೆ ಸಿಗಲಿಲ್ಲ ಎಂಬುದು ಮುಖದಲ್ಲೇ ಕಾಣಿಸಿತು. ಕೈ ಹೊರಗೆ ತೆಗೆದಾಗ ಅಂಟಿಕೊಂಡಿದ್ದ ಕಾಳಿನಲ್ಲಿ ಅರ್ಧಕ್ಕರ್ಧ ಸುಮ್ಮನೆ ಊದಿಕೊಂಡು ಹುಳಿ ವಾಸನೆ ಬರುತ್ತಿತ್ತು. ಎರಡನೆಯ ಚೀಲ, ಮೂರನೆಯದು, ಎಲ್ಲ ಹಾಗೇ. ನಿಂಗಯ್ಯನ ಹೆಂಡತಿ ಮಂಗಳಮ್ಮ ಎಲ್ಲರಿಗೂ ಕೇಳುವ ಹಾಗೆ ಅಂದಳು: “ಬೀಜ ಚಿನ್ನದಂಗಿತ್ತಲ್ಲ. ಬಳೆ ಒಡ್ದ ಕೈಲಿ ಕಟ್ಟುಸ್ಬಾರದಿತ್ತು, ನಮ್ದೇ ತೆಪ್ಪು.” ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ. ಮನೆಗೆ ಬಂದು ಪುಟ್ಟಮಾದಮ್ಮನೂ “ಆಯಮ್ಮನ ಕೈ ಓಯ್ತು ಕಣ್ಲಾ” ಎಂದಳು. ಚಿಕ್ಕಬೋರಯ್ಯ ಮಾತ್ರ ಮಂಡಿಗೆ ಎಣ್ಣೆ ನೀವಿಕೊಳ್ಳುತ್ತ, “ಕೈ ಏನ್ಮಾಡಾತು, ಬೀಜ ನೋಡ್ಬೇಕಿತ್ತು,” ಎಂದು ಮಗನ ಮುಖವನ್ನೇ ನೋಡಿದ. ಸಿದ್ದರಾಮು ಮೊಬೈಲು ತೆಗೆದು ಯಾರಿಗೋ ಫೋನು ಮಾಡುವ ನೆಪದಲ್ಲಿ ಎದ್ದು ಹೋದ.

ಸಂಶಯ ಬೇರೆ, ತಿಳಿಯುವುದು ಬೇರೆ. ಗೌರಿ ಹಬ್ಬ ಮುಗಿದ ವಾರದಲ್ಲಿ ಕೃಷಿ ಇಲಾಖೆಯ ವಿ.ಸಿ. ಫಾರಂನಲ್ಲಿ ಮಿಷಿನ್ನು ಓಡಿಸುವವರಿಗೆಂದು ಒಂದು ದಿನದ ತರಬೇತಿ ಇತ್ತು. ಮೇಡಂ ಒಬ್ಬರು ಮೂರು ತಟ್ಟೆಗಳನ್ನು ಮೇಜಿನ ಮೇಲಿಟ್ಟರು. ಒದ್ದೆ ಬಟ್ಟೆಯ ಮೇಲೆ ನೂರು ನೂರು ಕಾಳು. ಮೊದಲ ತಟ್ಟೆ ಕೈಯಲ್ಲಿ ಬಡಿದದ್ದು, ಎಲ್ಲ ಮೊಳೆತಿತ್ತು. ಎರಡನೆಯದು ಡ್ರಮ್ಮು ನಿಧಾನ ಮಾಡಿ ಬಿಡಿಸಿದ್ದು, ಅದೂ ಹೆಚ್ಚುಕಡಿಮೆ ಹಾಗೇ. ಮೂರನೆಯದು ಚೆನ್ನಾಗಿ ಒಣಗಿದ ಭತ್ತವನ್ನು ಜೋರು ಡ್ರಮ್ಮಿಗೆ ಕೊಟ್ಟದ್ದು, ಅರ್ಧ ಸತ್ತಿತ್ತು. ಹೊರಗೆ ಕಾಳಿಗೆ ಏನೂ ಆಗಿರುವುದಿಲ್ಲ, ಒಳಗೆ ಬಿರುಕು ಬಿಟ್ಟಿರುತ್ತದೆ, ಉಣ್ಣಲು ಅಡ್ಡಿಯಿಲ್ಲ, ಬೀಜಕ್ಕೆ ಬರುವುದಿಲ್ಲ ಎಂದರು ಮೇಡಂ. ಒಂದು ಕಾಳಿನ ಹೊಟ್ಟು ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದು ಕೂದಲೆಳೆಯಂಥ ಗೆರೆಯನ್ನು ತೋರಿಸಿದರು. ಎಲ್ಲರೂ ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಸಿದ್ದರಾಮುವಿನ ಸರದಿ ಬಂದಾಗ ಅವನು ಕಾಳು ನೋಡಲಿಲ್ಲ, ಸುತ್ತ ಯಾರಾದರೂ ತನ್ನನ್ನು ನೋಡುತ್ತಿದ್ದಾರಾ ಎಂದು ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಕಥೆ. ಅವನಿಗೆ ಹೊಟ್ಟೆ ಉರಿದದ್ದು ಇನ್ನೊಂದಕ್ಕೆ. ಇದನ್ನು ತಿಳಿಯಲು ಫಾರಂವರೆಗೆ ಬರಬೇಕಾಗಿಯೇ ಇರಲಿಲ್ಲ. ಬೀಜದ ಭತ್ತಕ್ಕೆ ಮೂರೇ ಏಟು ಎನ್ನುತ್ತಿದ್ದ ಅಪ್ಪ, ಕಂತೆಯನ್ನು ಕಲ್ಲಿಗೆ ಬಡಿಯುತ್ತ. ಮೂರು ಏಟಿಗೆ ಉದುರಿದ್ದು ಬೀಜ, ಉಳಿದದ್ದು ಉಣ್ಣುವುದಕ್ಕೆ. ನಾಲ್ಕನೆಯ ಏಟು ಹಾಕಿದರೆ ಬೀಜಕ್ಕೆ ನೋವಾಗುತ್ತದೆ ಎನ್ನುತ್ತಿದ್ದ. ಕಾಳಿಗೆಂಥ ನೋವು ಎಂದು ಹುಡುಗನಾಗಿದ್ದಾಗ ನಕ್ಕಿದ್ದ ಸಿದ್ದರಾಮು, ದೊಡ್ಡವನಾಗಿ ಅದೇ ಬೀಜಕ್ಕೆ ನಿಮಿಷಕ್ಕೆ ನೂರಾರು ಏಟು ಹಾಕಿದ್ದ.

ತರಬೇತಿ ಮುಗಿಸಿ ಅಲ್ಲಿಂದ ನೇರವಾಗಿ ಮಲ್ಲಿಗಮ್ಮನ ಮನೆಗೇ ಬೈಕು ತಿರುಗಿಸಿದ್ದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಅವಳು ಅಂಗಳದಲ್ಲಿ ಒಬ್ಬಳೇ ಮೊರ ಹಿಡಿದು ಕೂತಿದ್ದಳು. ಪಕ್ಕದ ಮನೆಯ ಹೆಂಗಸು ಹೆಪ್ಪಿಗೆ ಮಜ್ಜಿಗೆ ಕೇಳಲು ಲೋಟ ಹಿಡಿದು ಅವಳ ಬಾಗಿಲು ದಾಟಿ ಮೂರನೆಯ ಮನೆಗೆ ಹೋಗುತ್ತಿದ್ದುದನ್ನು ಸಿದ್ದರಾಮು ಕಣ್ಣಾರೆ ಕಂಡ. ಆ ಬೀದಿಯಲ್ಲಿ ಇಪ್ಪತ್ತು ವರ್ಷ ಎಲ್ಲರ ಮನೆಯ ಹಾಲು ಹೆಪ್ಪಾದದ್ದು ಮಲ್ಲಿಗಮ್ಮನ ಮನೆಯ ಮಜ್ಜಿಗೆಯಿಂದ. ಮಲ್ಲಿಗಮ್ಮನೂ ಕಂಡಳು, ಕಾಣದವಳ ಹಾಗೆ ಮೊರ ಕುಟ್ಟಿದಳು. “ಏನಪ್ಪ ಸಿದ್ದರಾಮು?” ಎಂದಳು. ಜೋಡಿಸಿಕೊಂಡು ಬಂದ ಮಾತು ಬಿಟ್ಟು ಬಾಯಿಗೆ ಬಂದದ್ದು ಬೇರೆಯೇ: “ಏನಿಲ್ಲ ಕಣವ್ವ, ನಿಮ್ಮ ಗದ್ದೆ ಯಾವಾಗ ಕುಯ್ಲಿಗೆ ಬತ್ತದೆ ಅಂತ ಕೇಳುಮ ಅಂತ ಬಂದೆ.” ಆಗ ಪೈರು ಇನ್ನೂ ಮೊಣಕಾಲುದ್ದ ಇತ್ತು. ಮಲ್ಲಿಗಮ್ಮ ಅವನನ್ನೇ ನೋಡಿ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಿದ್ದಿರಬೇಕು. “ಮಗಾ, ಬಿಸ್ಲಾಗೆ ಬೈಕು ಓಡಿಸ್ಬ್ಯಾಡ, ಮಂಡೆ ಬಿಸಿಯಾಗದೆ,” ಎಂದಳು. ಅವಳನ್ನು ನಗಿಸಿದೆನಲ್ಲ ಎಂದು ಅವತ್ತು ಸ್ವಲ್ಪ ಸಮಾಧಾನವೂ ಆಗಿತ್ತು ಅವನಿಗೆ, ನಾಚಿಕೆಗೇಡಿನ ಸಮಾಧಾನ.

“ಕಾಪಿ ಕುಡಿಯಪ್ಪ.”

ಮಿಷಿನ್ನಿನ ಮಗ್ಗುಲಲ್ಲಿ ಕೂತಿದ್ದ ಸಿದ್ದರಾಮು ಬೆಚ್ಚಿ ತಲೆಯೆತ್ತಿದ. ಮಲ್ಲಿಗಮ್ಮ ಸ್ಟೀಲು ಜಗ್ಗು, ಪೇಪರು ಲೋಟ ಹಿಡಿದು ನಿಂತಿದ್ದಳು. ಈಗ ಎಲ್ಲರಿಗೂ ಪೇಪರು ಲೋಟವೇ. ಯಾರಿಗೆ ಯಾವ ಲೋಟ ಎಂಬ ಕಷ್ಟವನ್ನು ಅಂಗಡಿಯವನು ಐವತ್ತರ ಕಟ್ಟಿನಲ್ಲಿ ಪರಿಹಾರ ಮಾಡಿಕೊಟ್ಟಿದ್ದಾನೆ. ಕಾಫಿ ಸುಡುತ್ತಿತ್ತು. ಅವಳು ಸೆರಗನ್ನು ತಲೆಗೆ ಹೊದ್ದುಕೊಂಡು ಗದ್ದೆಯ ಕಡೆ ನೋಡುತ್ತ, ಯಾವುದೋ ಸಣ್ಣ ವಿಷಯ ಹೇಳುವ ದನಿಯಲ್ಲಿ, “ಎಲ್ಲಾನೂ ಒಟ್ಗೇ ಕುಯ್ದಾಕ್ಬುಡು. ಆ ಮೂಲೆ ಬ್ಯಾರೆ ಈ ಮೂಲೆ ಬ್ಯಾರೆ ಅಂತ ಏನೂ ಇಲ್ಲ ಈ ಸಲ. ಎಲ್ಲಾ ರೈಸ್‌ಮಿಲ್ಲಿಗೆ,” ಎಂದಳು.

“ಬೀಜಕ್ಕೆ?”

“ಬೀಜ ತರುಮ ಅಂಗ್ಡೀಲಿ. ಎಲ್ರೂ ತತ್ತಾರಲ್ಲ. ನಮ್ಮತ್ತೆ ಕಾಲದಿಂದ ಮಡುಗ್ತಾ ಇದ್ದೊ, ಸಾಕು.”

ಸಿದ್ದರಾಮು ಆಗ ಮೊದಲ ಸಲ ತಿರುಗಿ ಈಶಾನ್ಯ ಮೂಲೆಯ ಕಡೆ ನೋಡಿದ. ಬೀಜದ ಮೂಲೆಯಲ್ಲಿ ಬೆರಕೆ ನಿಂತಿತ್ತು. ತಲೆ ಎತ್ತರಿಸಿಕೊಂಡು, ಕಾಳು ಉದ್ದ, ತುದಿ ಕೆಂಪು, ದೂರಕ್ಕೇ ಕಾಣಿಸುವ ಬೇರೆ ಜಾತಿಯ ತೆನೆಗಳು ಅಲ್ಲೊಂದು ಇಲ್ಲೊಂದು. ಪ್ರತಿ ವರ್ಷ ಕೊಯ್ಲಿಗೆ ವಾರ ಮುಂಚೆ ಮಲ್ಲಿಗಮ್ಮ ಒಳಗಿಳಿದು ಅವನ್ನು ಒಂದೊಂದಾಗಿ ಕಿತ್ತು ಹಾಕುತ್ತಿದ್ದಳು. ಬೀಜದಲ್ಲಿ ಬೆರಕೆ ಸೇರಬಾರದು. ಈ ಸಲ ಇಳಿದೇ ಇಲ್ಲ.  ಇಷ್ಟು ದಿನ ತನ್ನ ತಪ್ಪು ಒಂದು ಆಷಾಢಕ್ಕೆ ಮುಗಿದುಹೋದದ್ದು, ಹೇಳಿದರೂ ಹೇಳದಿದ್ದರೂ ಹಳೆಯದು ಎಂದು ಎಲ್ಲೋ ಲೆಕ್ಕ ಹಾಕಿಕೊಂಡಿದ್ದ. ಅದು ಮುಗಿದಿರಲಿಲ್ಲ. ಅತ್ತೆಯಿಂದ ಸೊಸೆಗೆ ಬಂದು, ಹೋದ ಆಷಾಢದಲ್ಲಿ ಮೊಳೆತ ಅರ್ಧದಲ್ಲೇ ಹೇಗೋ ಉಳಿದಿದ್ದ ಬೀಜ ಇವತ್ತು ಸಂಜೆಯೊಳಗೆ ಮಿಲ್ಲಿನ ಭತ್ತವಾಗಿ ಮುಗಿಯುವುದಿತ್ತು, ಅದೂ ಇವನದೇ ಮಿಷಿನ್ನಿನಲ್ಲಿ. ಈ ಹೆಂಗಸು ತನ್ನ ಕೈ ಸತ್ತಿದೆ ಎಂದು ಊರಿನವರ ಜೊತೆ ತಾನೂ ನಂಬಿಬಿಟ್ಟಿದ್ದಳು. ಊರು ನಂಬಿದ್ದಕ್ಕಿಂತ ಹೆಚ್ಚಾಗಿ ಅದನ್ನು ಅವನಿಗೆ ತಡೆಯಲಾಗಲಿಲ್ಲ.

ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಂಡು ಎದ್ದ. ಹದಿನೇಳರದನ್ನು ಪೆಟ್ಟಿಗೆಗೆ ಎಸೆದು ಹತ್ತೊಂಬತ್ತರದನ್ನು ತೆಗೆದ. ಬೋಲ್ಟು ಸಡಿಲಿಸಿ, ಬೆಲ್ಟನ್ನು ಸಣ್ಣ ಪುಲ್ಲಿಯಿಂದ ಜಾರಿಸಿ ದೊಡ್ಡದಕ್ಕೆ ಏರಿಸಿದ. ಬೆರಳು ಸಿಕ್ಕಿ ಚರ್ಮ ಕಿತ್ತು ಬಂತು. ಬಾಯಲ್ಲಿಟ್ಟು ಚೀಪಿಕೊಂಡು ಮತ್ತೆ ಕೈ ಹಾಕಿದ. ಡ್ರಮ್ಮಿಗೂ ಅದರ ಕೆಳಗಿನ ಜಾಲರಿಗೂ ನಡುವಿನ ಸಂದನ್ನು ಒಂದು ಹಲ್ಲು ಅಗಲ ಮಾಡಿದ. ಫ್ಯಾನಿನ ಗಾಳಿ ಒಳಗೆ ಬರುವ ಬಾಗಿಲನ್ನು ಅರ್ಧ ಮುಚ್ಚಿದ. ಇಷ್ಟೂ ಹೊತ್ತು ನಿಂಗಯ್ಯ ಬದುವಿನ ಮೇಲೆ ಹಾರಾಡುತ್ತಿದ್ದ. “ಲೋ, ಈಗ್ಯಾಕ್ಲಾ ಬಿಚ್ಚಿ ಕೂತೆ? ಡ್ರಮ್ಮು ನಿದಾನ ಮಾಡುದ್ರೆ ಹುಲ್ನಾಗೇ ಕಾಳು ಉಳ್ಕೊಂತದೆ, ಗೊತ್ತಾಯಕಿಲ್ವಾ ನಿಂಗೆ?” ಸಿದ್ದರಾಮು ಬೋಲ್ಟು ಮತ್ತೆ ಬಿಗಿ ಮಾಡಿದ. ಜೇಬಿನಲ್ಲಿ ಫೋನು ಕುಣಿಯಿತು, ಮಿಷಿನ್ನಿನ ಮಾಲೀಕ ಸ್ವಾಮಿ ಮದ್ದೂರಿನಿಂದ. ತೆಗೆಯಲಿಲ್ಲ. ಹೇಳುವ ಧೈರ್ಯ ಇಲ್ಲದಿದ್ದರೂ ಮಾಡುವ ಧೈರ್ಯ ಇದೆಯಲ್ಲ ಎಂದುಕೊಂಡ. ಮೂಲೆಯನ್ನು ಬೇರೆಯಾಗಿ, ನಿಧಾನವಾಗಿ ಕೊಯ್ದು, ಚೀಲ ಕಟ್ಟಿ, ಇದು ಬೀಜಕ್ಕೆ ಇಟ್ಟುಕೊಳ್ಳಿ ಎಂದು ಅವಳ ಜಗುಲಿಯ ಮೇಲೆ ಹಾಕಿ ಬಂದುಬಿಟ್ಟರೆ ಸಾಲದೇ? ಸಾಲದು ಎಂದು ಗೊತ್ತಿದ್ದೇ ಸೀಟು ಹತ್ತಿ ಎಂಜಿನ್ನು ಶುರು ಮಾಡಿದ. ಡ್ರಮ್ಮಿನ ಸದ್ದು ದಿನದ ಹಾಗೆ ಕಿರುಚಲಿಲ್ಲ, ಗುರುಗುಟ್ಟಿತು. ಮಿಷಿನ್ನು ನೇರವಾಗಿ ಈಶಾನ್ಯ ಮೂಲೆಗೆ ತಿರುಗಿತು.

ಮಲ್ಲಿಗಮ್ಮ ಎರಡೂ ಕೈ ಎತ್ತಿಕೊಂಡು ಬದುವಿನ ಮೇಲೆ ಓಡಿ ಬಂದು ಮಿಷಿನ್ನಿನ ಮುಂದೆ ನಿಂತಳು. ಅರವತ್ತು ದಾಟಿದ ಹೆಂಗಸು ಹಾಗೆ ಓಡಿದ್ದನ್ನು ಅವನು ನೋಡಿರಲಿಲ್ಲ. ಎಂಜಿನ್ನು ಆರಿಸಿದ.

“ಒಟ್ಗೇ ಕುಯ್ಯಿ ಅಂದ್ನಲ್ಲೋ! ಅಲ್ಲಿಂದ ಯಾಕ್ ಸುರು ಮಾಡ್ತೀಯಾ? ನನ್ನ ಒಟ್ಟೆ ಉರುಸ್ಬೇಕು ಅಂತ್ಲೇ ಮಾಡ್ತಿದ್ದೀಯಾ?”

ಸಿದ್ದರಾಮು ಸೀಟಿನ ಮೇಲಿಂದಲೇ ಬಾಯಿ ತೆರೆದ. ಅಲ್ಲಿ ಕೂತು ಹೇಳುವ ಮಾತಲ್ಲ ಅನಿಸಿತು. ಕೆಳಗಿಳಿದು, ಚಪ್ಪಲಿ ಕೆಸರಿಗೆ ಸಿಕ್ಕಿಕೊಂಡು, ಒಂದನ್ನು ಅಲ್ಲೇ ಬಿಟ್ಟು ಅವಳ ಮುಂದೆ ಬಂದು ನಿಂತ.

“ಓದ್ವರ್ಸ ನಿಮ್ಮ ಬೀಜ ಕೆಟ್ಟಿದ್ದು ನಿಮ್ಮ ಕೈಯಿಂದ ಅಲ್ಲ ಕಣವ್ವ. ನನ್ನಿಂದ. ಡ್ರಮ್ಮು ಜೋರಾಗಿ ತಿರುಗ್ತಿತ್ತು. ಬೆಲ್ಟು ಬದಲಾಯಿಸ್ಬೇಕಿತ್ತು, ಅರ್ಧ ಗಂಟೆ ಆಯ್ತದೆ ಅಂತ ಬುಟ್ಬುಟ್ಟೆ. ಏಟಿಗೆ ಕಾಳೆಲ್ಲ ಒಳಗೊಳಗೇ ಬಿರೀತು. ಮೇಲಕ್ಕೆ ಕಾಣಾಕಿಲ್ಲ ಅದು. ಯಾರು ಕಟ್ಟಿದ್ರೂ ಮೊಳೀತಿರ್ಲಿಲ್ಲ. ದೇವ್ರೇ ಬಂದು ಗಂಟಾಕಿದ್ರೂ ಮೊಳೀತಿರ್ಲಿಲ್ಲ.”

ಮಲ್ಲಿಗಮ್ಮ ಅವನ ಬಾಯಿಯನ್ನೇ ನೋಡುತ್ತಿದ್ದಳು. ಅಳುತ್ತಾಳೆ ಎಂದುಕೊಂಡಿದ್ದ, ಅಳಲಿಲ್ಲ. ಬೈಯುತ್ತಾಳೆ ಎಂದುಕೊಂಡಿದ್ದ, ಅದೂ ಇಲ್ಲ. ತನ್ನ ಬಲಗೈಯನ್ನು ಒಮ್ಮೆ ಮಗುಚಿ ನೋಡಿಕೊಂಡಳು, ಸಂತೆಯಲ್ಲಿ ಬದನೆಕಾಯಿ ಮಗುಚಿ ನೋಡುವ ಹಾಗೆ.

“ನಿಂಗೆ ಯಾವಾಗ ಗೊತ್ತಾಯ್ತು?”

“ಗೌರಿ ಅಬ್ಬ ಕಳ್ದ ಮ್ಯಾಕೆ. ಫಾರಂನಲ್ಲಿ.”

“ಅವತ್ತು ಬಂದಿದ್ದೆ. ಗದ್ದೆ ಯಾವಾಗ ಕುಯ್ಲಿಗೆ ಬತ್ತದೆ ಅಂತ.”

“ಊ ಕಣವ್ವ.”

“ಗೌರಿ ಅಬ್ಬ,” ಎಂದು ಅವಳು ಹೆಬ್ಬೆರಳನ್ನು ಬೆರಳಿನ ಗೆಣ್ಣಿನ ಮೇಲಿಟ್ಟಳು. “ಆಮ್ಯಾಕೆ ಮಾರ್ನೋಮಿ. ದೀಪಾವಳಿ. ಕಾರ್ತೀಕ. ಇಸ್ಟು ದಿನವೂ ನಿಂಗೆ ಗೊತ್ತಿತ್ತು. ನಾನು ನನ್ನ ಮನೆ ಆಲಿಗೆ ಎಪ್ಪಾಕೋಕೂ ಎದರ್ಕೊಂಡು ಕೂತಿದ್ದೆ ಕಣೋ ಸಿದ್ದರಾಮು. ನನ್ನ ಕೈಯಿ ನನಗೇ ಯೇಸಿಗೆ ಆಗೋಗಿತ್ತು. ಬೀಜ ಓದ್ರೆ ಓಗ್ಲಿ. ಇದನ್ನ ಯಾಕ್ಲಾ ಮಾಡ್ದೆ?”

 ಹೆದರಿಕೆ ಎನ್ನಬಹುದಿತ್ತು. ಮಿಷಿನ್ನಿನ ಹೆಸರು ಕೆಟ್ಟರೆ ಕೆಲಸ ಹೋಗುತ್ತದೆ ಎನ್ನಬಹುದಿತ್ತು, ಅದೂ ಸುಳ್ಳಲ್ಲ. ಆದರೆ ಅದಕ್ಕಿಂತ ಒಳಗೆ ಇನ್ನೊಂದಿತ್ತು, ಅವನೇ ಇಲ್ಲಿಯವರೆಗೆ ಮುಟ್ಟಿ ನೋಡದೇ ಇದ್ದದ್ದು: ಅವ್ವ ಮೂಟೆ ಇಳಿಸಿ ನಿಲ್ಲುತ್ತಿದ್ದ ಅಂಗಳಕ್ಕೆ ಈಗ ಬೇರೆಯವರೂ ಬರುವುದಿಲ್ಲ ಎಂದಾಗ ಅವನಿಗೆ ಒಂದೇ ಒಂದು ಗಳಿಗೆ, ಎಲ್ಲೋ ಮೂಲೆಯಲ್ಲಿ, ಖುಷಿಯಾಗಿತ್ತು. ಆ ಗಳಿಗೆ ನೆನಪಾಗಿ ಅವನ ಕಣ್ಣಲ್ಲಿ ನೀರು ಬಂತು. “ತೆಪ್ಪಾಯ್ತು ಕಣವ್ವ,” ಎಂದ. 

“ನಂಗೆ ಯೋಳುದ್ರೆ ಏನ್ ಬಂತು,” ಎಂದಳು ಮಲ್ಲಿಗಮ್ಮ. ದನಿ ಗಟ್ಟಿಯಾಗಿತ್ತು, ಗಂಡ ಸತ್ತ ಮೇಲೆ ಊರು ಆ ದನಿಯನ್ನು ಕೇಳಿರಲಿಲ್ಲ. “ಅಗೋ ಅಲ್ಲಿ ನಿಂತವ್ನಲ್ಲ ನನ್ನ ಮೈದ್ನ, ಅವನಿಗೆ ಯೋಳು. ಇಲ್ಲಿಂದ್ಲೇ ಯೋಳು. ಕೂಗಿ ಯೋಳು.”

ಸಿದ್ದರಾಮು ಕೂಗಿ ಹೇಳಿದ. ಮೊದಲ ಸಲ ದನಿ ಒಡೆಯಿತು, “ಏನಂದೆ?” ಎಂದ ನಿಂಗಯ್ಯ. ಎರಡನೆಯ ಸಲ ಹೇಳಬೇಕಾಯಿತು. ನಾಲೆಯ ಏರಿಯ ಮೇಲೆ ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತು ಕೇಳಿಸಿಕೊಂಡರು. ಒಳ್ಳೆಯದೇ ಆಯಿತು, ಊರಿಗೆ ಸುದ್ದಿ ಮುಟ್ಟಿಸಲು ಅವನು ಇನ್ನೊಂದು ಸಲ ಹೇಳಬೇಕಾಗಿಲ್ಲ. ಎತ್ತರದ ಸೀಟು ಬೆನ್ನ ಹಿಂದೆ ಖಾಲಿ ಇತ್ತು, ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ, ನಾನೇ ಮಾಡಿದ್ದು ನಾನೇ ಮಾಡಿದ್ದು ಎಂದು ಬಯಲಲ್ಲಿ ಕೂಗುತ್ತಿದ್ದ. ಮಾನ ಹೋಗುತ್ತದೆ ಎಂದು ಮೂರು ತಿಂಗಳು ಬಚ್ಚಿಟ್ಟುಕೊಂಡಿದ್ದ ಮಾತು ಹೊರಗೆ ಬಂದ ಮೇಲೆ ನೋಡಿದರೆ ಮಾನಕ್ಕಿಂತ ಮೊದಲು ಎದೆಯ ಭಾರ ಹೋಗಿತ್ತು.

ನಿಂಗಯ್ಯ ಬದು ಇಳಿದು ಹತ್ತಿರ ಬಂದ. ಪುಲ್ಲಿಯ ಕಡೆ ನೋಡಿದ, ಬೆಲ್ಟಿನ ಕಡೆ ನೋಡಿದ, ಅತ್ತಿಗೆಯ ಕಡೆ ಮಾತ್ರ ನೋಡಲಿಲ್ಲ. “ಓದ್ವರ್ಸ ಆತುರ ಆತುರ ಅಂತ ಬಡ್ಕೊಂಡೋನು ನಾನೇಯ,” ಎಂದ, ಯಾರಿಗೂ ಅಲ್ಲದ ಹಾಗೆ. ಆಮೇಲೆ ಗಂಟಲು ಸರಿ ಮಾಡಿಕೊಂಡು, “ನಂದ್ರಲ್ಲೂ ಒಂದು ಐದು ಗುಂಟೆ ಈ ಪುಲ್ಲೀಲೇ ಕುಯ್ದುಬುಡ್ಲಾ, ಬೀಜಕ್ಕೆ. ಅತ್ಗೆಮ್ಮ, ಆಸಾಡಕ್ಕೆ ಕಟ್ಕೊಡ್ತೀಯಾ?”

“ಮಂಗಳಮ್ಮ ಬಂದು ಕೇಳ್ಲಿ,” ಎಂದಳು ಮಲ್ಲಿಗಮ್ಮ.

“ಅವಳ್ಯಾಕೆ, ನಾನು ಕೇಳ್ತಿಲ್ವಾ?”

“ನೀನು ಅಂದಿರ್ಲಿಲ್ವಲ್ಲ, ನೀನ್ಯಾಕೆ ಕೇಳ್ತೀಯಾ. ಅಂದೋಳು ಬಂದು ಕೇಳ್ಲಿ, ಕಟ್ತೀನಿ.”

ಅಷ್ಟು ಹೇಳಿ ಅವಳು ಸೀರೆಯ ನೆರಿಗೆಯನ್ನು ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿದಳು, ಬೀಜದ ಮೂಲೆಗೆ ಇಳಿದಳು. ಒಂದು ಬೆರಕೆ ತೆನೆಯನ್ನು ಬುಡಸಮೇತ ಕಿತ್ತು ಬದುವಿನ ಆಚೆಗೆ ಎಸೆದಳು. ಇನ್ನೊಂದು. ಹೆಜ್ಜೆಯಿಟ್ಟಲ್ಲೆಲ್ಲ ಭತ್ತ ಸರಸರ ಎಂದು ದಾರಿ ಬಿಟ್ಟು ಮತ್ತೆ ಸೇರಿಕೊಳ್ಳುತ್ತಿತ್ತು. ಹತ್ತು ಗುಂಟೆಯ ಬೆರಕೆ ಕೀಳಲು ಒಬ್ಬಳಿಗೆ ಮಧ್ಯಾಹ್ನವಾಗುತ್ತದೆ. ಒತ್ತಾಯ್ತು ಎನ್ನಲು ಬಾಯಿ ತೆರೆದ ನಿಂಗಯ್ಯ ಅದನ್ನು ನುಂಗಿಕೊಂಡು, ಪಂಚೆ ಎತ್ತಿ ಕಟ್ಟಿ, ಗೊಣಗುತ್ತಲೇ ಆ ತುದಿಯಿಂದ ಇಳಿದ. ಸಿದ್ದರಾಮು ಮಿಷಿನ್ನಿನ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು ಈ ತುದಿಯಿಂದ ಇಳಿದ. ಬಿಸಿಲು ಏರಿತ್ತು, ಇಬ್ಬನಿ ಎಂದೋ ಆರಿ ತೆನೆಗಳು ಮೊಣಕೈಗೆ ಒರಟಾಗಿ ತಾಗುತ್ತಿದ್ದವು. 

“ಸಿದ್ದರಾಮು,” ಎಂದು ಗದ್ದೆಯ ನಡುವಿನಿಂದ ಮಲ್ಲಿಗಮ್ಮ ಕರೆದಳು. ಬಗ್ಗಿದವಳು ತಲೆ ಎತ್ತಿರಲಿಲ್ಲ. “ನಿಮ್ಮವ್ವಂಗೆ ಯೋಳು. ಆಸಾಡಕ್ಕೆ ಮೊದಲ್ನೇ ಮೂಟೆ ಕಟ್ಟೋದು ನಿಮ್ಮನೇದು. ಜಗಲಿ ಮ್ಯಾಕೇ ತಂದು ಮಡುಗ್ಲಿ, ನಂಗೂ ಮಂಡಿನೋವು, ಇಳಿಯಾಕಾಗಾಕಿಲ್ಲ.”

“ಆಯ್ತು ಕಣವ್ವ.”

“ಇನ್ನೊಂದು. ಮೊಳುತ್ರೆ ನನ್ನ ಕೈ. ಮೊಳೀದಿದ್ರೆ ನಿನ್ನ ಮಿಸಿನ್ನು. ಊರೋರ ಮುಂದೆ ಈಗ್ಲೇ ಯೋಳಿವ್ನಿ.”

ಆ ತುದಿಯಲ್ಲಿ ನಿಂಗಯ್ಯ ಗಟ್ಟಿಯಾಗಿ ನಕ್ಕುಬಿಟ್ಟ.  ಸಿದ್ದರಾಮು ಬಗ್ಗಿ ಮುಂದಿನ ಬೆರಕೆಯ ಬುಡಕ್ಕೆ ಕೈ ಹಾಕಿದ.